ರೇಸಿನ ಗಡಿಯಾರವೂ ಪಗಾರದ ಲೆಕ್ಕವೂ

ಮಳೆಗಾಲ ಹಿಡಿಯಿತೆಂದರೆ ಪುಣೆಯಲ್ಲಿ ರೇಸಿನ ಕಾಲವೂ ಹಿಡಿಯಿತೆಂದೇ ತಿಳಿಯಬೇಕು. ಮುಂಬಯಿಯ ಮಹಾಲಕ್ಷ್ಮಿಯಲ್ಲಿ ಮಳೆಯ ದೆಸೆಯಿಂದ ಕುದುರೆ ಓಡಿಸಲಾಗದ ತಿಂಗಳುಗಳಲ್ಲಿ ರಾಯಲ್ ವೆಸ್ಟರ್ನ್ ಇಂಡಿಯಾ ಟರ್ಫ್ ಕ್ಲಬ್ಬಿನವರು ತಮ್ಮ ಪಂದ್ಯಗಳನ್ನು ಇಲ್ಲಿಯ ಕ್ಯಾಂಪಿನ ಮಗ್ಗುಲಲ್ಲಿರುವ ರೇಸ್ ಕೋರ್ಸಿನಲ್ಲಿ ನಡೆಸುತ್ತಾರೆ. ಆ ಮೈದಾನ ೧೮೩೦ರಷ್ಟು ಹಳೆಯದು. ಈ ದಿನಗಳಲ್ಲಿ ನಮ್ಮ ವಾಚನಾಲಯದ ಮೇಜಿನ ಮೇಲೆ ಮೊದಲು ಕೈಯಿಂದ ಕೈಗೆ ಹೋಗುವುದು ಅಗ್ರಲೇಖನದ ಪುಟವಲ್ಲ, ರೇಸಿನ ಪುಟ. ಅದನ್ನು ಓದಬಾರದೆಂದು ಹೇಳುವುದಕ್ಕಾಗಿ ಈ ಲೇಖನವಲ್ಲ. ಓದುವುದಾದರೆ ಸರಿಯಾಗಿ ಓದೋಣ, ಓದಿದ ಮೇಲೆ ಅದರ ಬೆಲೆ ಎಷ್ಟೆಂಬುದನ್ನೂ ತಿಳಿಯೋಣ ಎಂಬುದಷ್ಟೇ ಇದರ ಉದ್ದೇಶ.

ಕುದುರೆ ಬಾಲಕ್ಕೆ ರೊಕ್ಕ ಕಟ್ಟಿ ಕೆಟ್ಟ ಎಂಬ ಮಾತು ನಮ್ಮ ಕಡೆ ಹೊಸದಲ್ಲ. ಕಟ್ಟುವವರಲ್ಲಿ ಎರಡು ತರದ ಜನ. ಕನಸು, ಶಕುನ, ಜಾಕಿಯ ಬಟ್ಟೆಯ ಬಣ್ಣ ನೋಡಿ ಕಟ್ಟುವವರು ಒಂದು ತರ. “ನಾನು ಲೆಕ್ಕ ಹಾಕಿ ಕಟ್ಟುತ್ತೇನೆ” ಎನ್ನುವವರು ಇನ್ನೊಂದು ತರ. ಮೊದಲನೆಯವರಿಗೆ ಹೇಳುವುದೇನೂ ಇಲ್ಲ. ಎರಡನೆಯವರು ಬಹುಮಟ್ಟಿಗೆ ನಮ್ಮಂತೆ ಗಿರಣಿಯಲ್ಲೋ ಕಚೇರಿಯಲ್ಲೋ ಅಂಕೆಗಳ ನಡುವೆ ದಿನ ಕಳೆಯುವವರು. ಅವರ ಕೈಯಲ್ಲಿರುವ ಮುಖ್ಯ ಅಸ್ತ್ರವೆಂದರೆ ಕುದುರೆ ಓಡಿದ ವೇಳೆ. ಆ ವೇಳೆಯಿಂದ ಮಾಡುವ ಅಂಕೆಗೆ ಇಂಗ್ಲಿಷಿನಲ್ಲಿ ಸ್ಪೀಡ್ ರೇಟಿಂಗ್ ಎನ್ನುತ್ತಾರೆ. ನಾವು ಇಲ್ಲಿ ವೇಗಾಂಕ ಎಂದು ಕರೆಯೋಣ.

ಬರಿಯ ವೇಳೆ ಏನನ್ನೂ ಹೇಳದು

ಒಂದು ಕುದುರೆ ೧೨೦೦ ಮೀಟರನ್ನು ೭೧.೬ ಸೆಕೆಂಡಿನಲ್ಲಿ ಓಡಿತು, ಇನ್ನೊಂದು ಅಷ್ಟೇ ದೂರವನ್ನು ೭೩.೪ ಸೆಕೆಂಡಿನಲ್ಲಿ ಓಡಿತು ಎನ್ನೋಣ. ಯಾವುದು ಹೆಚ್ಚು ವೇಗದ ಕುದುರೆ? ಮೊದಲನೆಯದೆಂದು ಶಾಲೆಯ ಹುಡುಗನೂ ಹೇಳಿಯಾನು. ಆದರೆ ಮೊದಲನೆಯದು ನೆಲ ಗಟ್ಟಿಯಾಗಿದ್ದ ಬಿಸಿಲಿನ ದಿನ ಓಡಿತ್ತು, ಎರಡನೆಯದು ರಾತ್ರಿಯೆಲ್ಲ ಮಳೆ ಸುರಿದು ಗೊರಸು ಹೂಳುವ ನೆಲದಲ್ಲಿ ಓಡಿತ್ತು ಎಂದರೆ ಉತ್ತರ ಬದಲಾಗಬಹುದು. ಒಣ ಹಾದಿಯ ಗಾಡಿಗೂ ಎರೆಮಣ್ಣಿನ ಕೆಸರಿನಲ್ಲಿ ಸಿಕ್ಕ ಗಾಡಿಗೂ ಒಂದೇ ಗಡಿಯಾರ ಹಿಡಿಯುವುದು ನ್ಯಾಯವಲ್ಲವೆಂಬುದು ವಿಜಾಪುರದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪುಣೆಯ ಪಂದ್ಯಗಳು ಮಳೆಯಲ್ಲಿಯೇ ನಡೆಯುವುದರಿಂದ ಈ ಮಾತು ಇಲ್ಲಿ ಬಹಳ ಮುಖ್ಯ. ನೆಲದ ಮೆದುವನ್ನು ಅಳೆಯಲು ಪೆನೆಟ್ರೊಮೀಟರ್ ಎಂಬ, ನೆಲಕ್ಕೆ ಚುಚ್ಚಿ ನೋಡುವ ಸಲಕರಣೆಯುಂಟು. ಅದರ ಅಂಕೆಯನ್ನು ಕ್ಲಬ್ಬಿನವರು ಪ್ರಕಟಿಸುತ್ತಾರೆ. ಅಂಕೆ ಹೆಚ್ಚಿದಷ್ಟೂ ನೆಲ ಮೆದು. ಇನ್ನೊಂದು ಸಂಗತಿ ಒಳಬದಿಯ ಬೇಲಿ. ತುಳಿದು ಹಾಳಾದ ಹುಲ್ಲನ್ನು ಕಾಪಾಡಲು ಕೆಲವೊಮ್ಮೆ ಅದನ್ನು ಹೊರಕ್ಕೆ ಸರಿಸುತ್ತಾರೆ. ಅರ್ಧವೃತ್ತದ ತಿರುವಿನಲ್ಲಿ ಬೇಲಿ ಆರು ಮೀಟರು ಹೊರಕ್ಕೆ ಬಂದು, ಓಟ ಶುರುವಾಗುವ ಜಾಗ ಮೊದಲಿದ್ದಲ್ಲೇ ಇದ್ದರೆ, ಕುದುರೆ ಸುಮಾರು ೧೯ ಮೀಟರು ಹೆಚ್ಚು ಓಡಬೇಕಾಗುತ್ತದೆ. ಆರನ್ನು ೩.೧೪ರಿಂದ ಗುಣಿಸಿ ನೋಡಿದರೆ ಗೊತ್ತಾಗುತ್ತದೆ. ಅಚ್ಚಿನಲ್ಲಿ ಮಾತ್ರ ದೂರ ಮೊದಲಿನಷ್ಟೇ ಇರುತ್ತದೆ.

ವೇಗಾಂಕ ಮಾಡುವ ಬಗೆ

ಈ ಅಡ್ಡಿಗಳನ್ನೆಲ್ಲ ಕಳೆದು ಕುದುರೆಯ ನಿಜವಾದ ಯೋಗ್ಯತೆಯನ್ನು ಕಾಣುವ ಪ್ರಯತ್ನವೇ ವೇಗಾಂಕ. ಇಂಗ್ಲೆಂಡಿನಲ್ಲಿ ಗಣಿತದ ಉಪಾಧ್ಯಾಯರಾಗಿದ್ದ ಫಿಲ್ ಬುಲ್ ಎಂಬವರು ವೇಳೆಯ ಲೆಕ್ಕದಿಂದಲೇ ಹೆಸರು ಪಡೆದು ೧೯೪೮ರಲ್ಲಿ ಟೈಮ್‌ಫಾರ್ಮ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅಮೆರಿಕದಲ್ಲಿ ಆಂಡ್ರ್ಯೂ ಬೇಯರ್ ಎಂಬ ಪತ್ರಿಕಾಕರ್ತರು ೧೯೭೫ರಲ್ಲಿ ಪುಸ್ತಕ ಬರೆದು ಈ ವಿದ್ಯೆಯನ್ನು ಸಾಮಾನ್ಯರಿಗೆ ತಿಳಿಯಪಡಿಸಿದರು. ಇವರ ಲೆಕ್ಕಗಳಲ್ಲಿ ಸೂಕ್ಷ್ಮಗಳು ಬಹಳ. ತಿರುಳು ಮಾತ್ರ ನಮ್ಮ ಕಾರಕೂನಿಕೆಯ ಕೂಡು-ಕಳೆಯಷ್ಟೆ. ಮೂರು ಮೆಟ್ಟಿಲುಗಳಲ್ಲಿ ಹೇಳುತ್ತೇನೆ. ಕೆಳಗೆ ಬರುವ ಗರುಡ, ಸಾರಂಗ, ಮಿಂಚು ಎಂಬ ಕುದುರೆಗಳೂ ಅವುಗಳ ಅಂಕೆಗಳೂ ಉದಾಹರಣೆಗೆಂದು ಕಲ್ಪಿಸಿದವು. ರೇಸ್ ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ.

ಮೊದಲನೆಯ ಮೆಟ್ಟಿಲು, ವಾಡಿಕೆಯ ವೇಳೆ. ಒಂದೇ ಮೈದಾನದಲ್ಲಿ, ಒಂದೇ ದೂರಕ್ಕೆ, ಒಂದೇ ದರ್ಜೆಯ ಕುದುರೆಗಳು ಗೆದ್ದ ವೇಳೆಗಳನ್ನು ಹಿಂದಿನ ಫಲಿತಾಂಶಗಳಿಂದ ಬರೆದುಕೊಂಡು ಸರಾಸರಿ ತೆಗೆಯಬೇಕು. ೧೨೦೦ ಮೀಟರಿಗೆ ಅದು ೭೨.೦ ಸೆಕೆಂಡು ಬಂತೆನ್ನೋಣ. ದರ್ಜೆಯನ್ನು ಬೆರೆಸಬಾರದು. ಮೇಲ್ದರ್ಜೆಯ ಕುದುರೆಗಳೊಂದಿಗೆ ಕೆಳದರ್ಜೆಯವನ್ನು ಕಲಸಿದರೆ ಸರಾಸರಿಗೆ ಅರ್ಥವೇ ಉಳಿಯದು.

ಎರಡನೆಯ ಮೆಟ್ಟಿಲು, ಆ ದಿನದ ನೆಲ. ಗರುಡ ಶನಿವಾರ ಒಣ ನೆಲದಲ್ಲಿ ೭೧.೬ ಸೆಕೆಂಡಿನಲ್ಲಿ ಗೆದ್ದಿತು. ಆ ದಿನ ಸುಮಾರು ಅದೇ ದೂರದ ಬೇರೆ ಐದು ಓಟಗಳನ್ನು ಅವುಗಳ ವಾಡಿಕೆಯ ವೇಳೆಯೊಂದಿಗೆ ಹೋಲಿಸಿದಾಗ ಅವು ೦.೪, ೦.೬, ೦.೫, ೦.೬, ೦.೪ ಸೆಕೆಂಡು ಬೇಗ ಮುಗಿದಿದ್ದವು. ಸರಾಸರಿ ಅರ್ಧ ಸೆಕೆಂಡು ಬೇಗ. ಅಂದರೆ ಆ ಅರ್ಧ ಸೆಕೆಂಡು ನೆಲದ ಉಪಕಾರ, ಕುದುರೆಯ ಸಾಮರ್ಥ್ಯವಲ್ಲ. ಗರುಡನ ವೇಳೆಗೆ ಅದನ್ನು ಸೇರಿಸಿದರೆ ೭೨.೧ ಆಗುತ್ತದೆ. ಸಾರಂಗ ಭಾನುವಾರ ಕೆಸರಿನಲ್ಲಿ ೭೩.೪ ಸೆಕೆಂಡಿನಲ್ಲಿ ಗೆದ್ದಿತು. ಆ ದಿನದ ಬೇರೆ ಐದು ಓಟಗಳು ೧.೯, ೨.೨, ೨.೦, ೧.೮, ೨.೧ ಸೆಕೆಂಡು ತಡವಾಗಿದ್ದವು. ಸರಾಸರಿ ಎರಡು ಸೆಕೆಂಡು. ಅದನ್ನು ಕಳೆದರೆ ಸಾರಂಗದ ವೇಳೆ ೭೧.೪. ನೋಡಿದಿರಾ, ಅಚ್ಚಿನಲ್ಲಿ ೧.೮ ಸೆಕೆಂಡು ಹಿಂದಿದ್ದ ಕುದುರೆ ಲೆಕ್ಕದಲ್ಲಿ ೦.೭ ಸೆಕೆಂಡು ಮುಂದಾಯಿತು. ಮಳೆ ನಡುಹಗಲಲ್ಲಿ ಬಂದಿದ್ದರೆ ಮೊದಲ ಓಟಗಳನ್ನೂ ಕೊನೆಯವನ್ನೂ ಬೇರೆ ಬೇರೆ ಲೆಕ್ಕ ಹಾಕಬೇಕು.

ಮೂರನೆಯ ಮೆಟ್ಟಿಲು, ಅಂಕೆ ಕೊಡುವುದು. ವಾಡಿಕೆಯ ವೇಳೆಗೆ ೧೦೦ ಅಂಕ ಇಟ್ಟುಕೊಳ್ಳೋಣ. ೧೨೦೦ ಮೀಟರಿನಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೆ ಒಂದು ಅಂಕ. ಗರುಡ ೦.೧ ಸೆಕೆಂಡು ತಡ, ಆದ್ದರಿಂದ ೯೯. ಸಾರಂಗ ೦.೬ ಸೆಕೆಂಡು ಬೇಗ, ಆದ್ದರಿಂದ ೧೦೬. ದೂರ ಹೆಚ್ಚಾದರೆ ಅದೇ ಹತ್ತನೆಯ ಭಾಗದ ಬೆಲೆ ಕಡಿಮೆಯಾಗುತ್ತದೆ. ೨೦೦೦ ಮೀಟರಿಗೆ ವಾಡಿಕೆಯ ವೇಳೆ ೧೨೪ ಸೆಕೆಂಡು ಎಂದಿಟ್ಟುಕೊಂಡರೆ ಅಲ್ಲಿ ಅದು ಅರ್ಧ ಅಂಕಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ.

ಸೋತ ಕುದುರೆಗಳಿಗೂ ಅಂಕೆ ಕೊಡಬಹುದು. ಗೆದ್ದದ್ದಕ್ಕಿಂತ ಎಷ್ಟು ಲೆಂಗ್ತ್ ಹಿಂದೆ ಎಂಬುದು ಫಲಿತಾಂಶದಲ್ಲಿ ಇರುತ್ತದೆ. ಒಂದು ಲೆಂಗ್ತ್ ಎಂದರೆ ಒಂದು ಕುದುರೆಯ ಉದ್ದ, ಸುಮಾರು ೨.೪ ಮೀಟರು. ಓಡುವ ಕುದುರೆ ಒಂದು ಸೆಕೆಂಡಿನಲ್ಲಿ ಸುಮಾರು ಆರು ಲೆಂಗ್ತ್ ದಾಟುತ್ತದೆಂದು ಹಿಡಿಯುವುದು ರೂಢಿ. ಭಾನುವಾರ ಮಿಂಚು ಎಂಬ ಕುದುರೆ ಸಾರಂಗಕ್ಕಿಂತ ಮೂರು ಲೆಂಗ್ತ್ ಹಿಂದೆ ಬಂತೆನ್ನೋಣ. ಮೂರು ಲೆಂಗ್ತ್ ಎಂದರೆ ಅರ್ಧ ಸೆಕೆಂಡು, ಐದು ಅಂಕ. ಮಿಂಚಿಗೆ ೧೦೧. ಶನಿವಾರ ಗೆದ್ದು ಹಾರ ಹಾಕಿಸಿಕೊಂಡ ಗರುಡನಿಗಿಂತ ಭಾನುವಾರ ಸೋತ ಮಿಂಚಿನ ಅಂಕ ಹೆಚ್ಚು!

ಭಾರ ಹೊರಿಸುವವರ ಲೆಕ್ಕ

ಇಲ್ಲಿಗೆ ಲೆಕ್ಕ ಮುಗಿಯಿತೆಂದು ಸಾರಂಗದ ಮೇಲೆ ಹಣ ಕಟ್ಟಲು ಎದ್ದರೆ ಎಡವಿದಂತೆಯೇ. ನಮ್ಮ ಪಂದ್ಯಗಳಲ್ಲಿ ಹೆಚ್ಚಿನವು ಹ್ಯಾಂಡಿಕ್ಯಾಪ್ ಪಂದ್ಯಗಳು. ಚೆನ್ನಾಗಿ ಓಡುವ ಕುದುರೆಗೆ ಹೆಚ್ಚು ಭಾರ, ಕುಂಟುತ್ತ ಬರುವುದಕ್ಕೆ ಕಡಿಮೆ ಭಾರ ಹೊರಿಸಿ ಎಲ್ಲವೂ ಒಂದೇ ಸಾಲಿನಲ್ಲಿ ಗುರಿ ಮುಟ್ಟುವಂತೆ ಮಾಡುವುದು ಹ್ಯಾಂಡಿಕ್ಯಾಪರನ ಕೆಲಸ. ಅವನು ಪ್ರತಿ ಕುದುರೆಗೂ ಒಂದು ಅಧಿಕೃತ ರೇಟಿಂಗ್ ಕೊಡುತ್ತಾನೆ. ಅದರ ಒಂದು ಅಂಕಕ್ಕೆ ಅರ್ಧ ಕಿಲೋ ಭಾರ. ಈ ರೇಟಿಂಗ್ ಬೇರೆ, ನಾವು ಮಾಡಿದ ವೇಗಾಂಕ ಬೇರೆ. ಎರಡನ್ನೂ ಕೂಡಿಸಬಾರದು.

ಭಾರ ಎಷ್ಟು ತಡ ಮಾಡಿಸುತ್ತದೆ? ಇಂಗ್ಲೆಂಡಿನ ಹಳೆಯ ರೂಢಿಯಂತೆ ಐದು ಫರ್ಲಾಂಗಿನಲ್ಲಿ, ಅಂದರೆ ಸುಮಾರು ೧೦೦೦ ಮೀಟರಿನಲ್ಲಿ, ಒಂದು ಲೆಂಗ್ತಿಗೆ ಮೂರು ಪೌಂಡು, ಸುಮಾರು ೧.೪ ಕಿಲೋ. ಒಂದು ಮೈಲಿಗೆ ಸುಮಾರು ಎರಡು ಪೌಂಡು, ಅಂದರೆ ೦.೯ ಕಿಲೋ. ನಡುವಿನ ೧೨೦೦ ಮೀಟರಿಗೆ ೧.೨ ಕಿಲೋ ಹಿಡಿಯೋಣ.

ಈಗ ನಮ್ಮ ಮೂರು ಕುದುರೆಗಳು ಒಂದೇ ಓಟದಲ್ಲಿ ಬಂದವೆನ್ನೋಣ. ಸಾರಂಗ ಗೆದ್ದ ದಿನ ೫೨ ಕಿಲೋ ಹೊತ್ತಿತ್ತು. ಗೆಲುವಿನಿಂದ ಅದರ ರೇಟಿಂಗ್ ಹನ್ನೆರಡು ಅಂಕ ಏರಿ ಈಗ ೫೮ ಕಿಲೋ ಹೊರಬೇಕು. ಆರು ಕಿಲೋ ಎಂದರೆ ಐದು ಲೆಂಗ್ತ್, ಸುಮಾರು ಎಂಟು ಅಂಕ. ೧೦೬ರಲ್ಲಿ ಎಂಟು ಹೋದರೆ ೯೮. ಗರುಡ ೫೮ ಹೊತ್ತದ್ದು ಈಗ ೫೭ ಹೊರುತ್ತದೆ. ಒಂದು ಅಂಕ ಸೇರಿ ೧೦೦. ಮಿಂಚು ಸೋತದ್ದರಿಂದ ಅದರ ಭಾರ ಬದಲಾಗಿಲ್ಲ, ೧೦೧ರಲ್ಲೇ ನಿಂತಿದೆ. ಏಳು ಅಂಕ ಅಂತರವಿದ್ದ ಕುದುರೆಗಳು ಮೂರು ಅಂಕಗಳೊಳಗೆ ಬಂದವು. ಸಾಲು ತಲೆಕೆಳಗೂ ಆಯಿತು. ನಾವು ಕಷ್ಟಪಟ್ಟು ಕಂಡುಹಿಡಿದ ಅಂತರವನ್ನು ಹ್ಯಾಂಡಿಕ್ಯಾಪರನು ನಮಗಿಂತ ಮೊದಲೇ ಕಂಡು ಭಾರವಾಗಿ ಬೆನ್ನಿಗೆ ಕಟ್ಟಿಬಿಟ್ಟಿದ್ದಾನೆ. ಉಳಿದ ಮೂರು ಅಂಕ ಎರಡು ಲೆಂಗ್ತಿಗಿಂತಲೂ ಕಡಿಮೆ. ಗೇಟಿನಿಂದ ಹೊರಡುವಾಗ ಒಂದು ಕ್ಷಣ ಹಿಂದೆ ಬಿದ್ದರೆ, ತಿರುವಿನಲ್ಲಿ ಹೊರಸುತ್ತು ಓಡಿದರೆ, ಅಷ್ಟು ಹೋದದ್ದೇ.

ಗಡಿಯಾರಕ್ಕೆ ಕಾಣದ ಸಂಗತಿಗಳು

ವೇಳೆಯ ಸಾಕ್ಷ್ಯದಲ್ಲಿ ಒಂದು ವಿಶೇಷವುಂಟು. ಕುದುರೆ ತನ್ನ ಶಕ್ತಿಗೆ ಮೀರಿ ವೇಗವಾಗಿ ಓಡಲಾರದು. ಆದ್ದರಿಂದ ಒಳ್ಳೆಯ ವೇಳೆಯನ್ನು, ಲೆಕ್ಕ ಸರಿಯಾಗಿದ್ದರೆ, ನಂಬಬಹುದು. ಕೆಟ್ಟ ವೇಳೆಗೆ ಮಾತ್ರ ನೂರು ಕಾರಣ. ಮುಂದಿನ ಕುದುರೆ ಬೇಕೆಂದೇ ನಿಧಾನವಾಗಿ ನಡೆಸಿ ಕೊನೆಯ ೪೦೦ ಮೀಟರಿನಲ್ಲಿ ಮಾತ್ರ ಓಟ ಕಟ್ಟಿದರೆ ಎಲ್ಲ ಕುದುರೆಗಳ ಒಟ್ಟು ವೇಳೆಯೂ ಕೆಡುತ್ತದೆ. ದಾರಿ ಸಿಗದೆ ಹಿಂದೆ ಸಿಕ್ಕಿಕೊಂಡಿರಬಹುದು. ದೂರ ಒಗ್ಗದಿರಬಹುದು. ಒಬ್ಬ ಹುಡುಗ ಒಂದು ಪರೀಕ್ಷೆಯಲ್ಲಿ ೮೦ ಅಂಕ ಪಡೆದನೆಂದರೆ ಅವನಿಗೆ ಪಾಠ ಬರುತ್ತದೆಂದು ಗಟ್ಟಿಯಾಗಿ ಹೇಳಬಹುದು. ೩೦ ಪಡೆದನೆಂದರೆ ಪಾಠ ಬಾರದೋ, ಅಂದು ಜ್ವರ ಬಂದಿತ್ತೋ ಎಂದು ವಿಚಾರಿಸಬೇಕಾಗುತ್ತದೆ.

ಪತ್ರಿಕೆಯಲ್ಲಿ ೬೦೦/೩೯ ಎಂದು ಮುಂತಾಗಿ ಬರುವುದು ಬೆಳಗಿನ ತಾಲೀಮಿನ ವೇಳೆ, ೬೦೦ ಮೀಟರನ್ನು ೩೯ ಸೆಕೆಂಡಿನಲ್ಲಿ ಎಂದರ್ಥ. ಅಲ್ಲಿ ನೆಲ ಬೇರೆ, ಬೆನ್ನ ಮೇಲಿನ ಭಾರ ಬೇರೆ, ಓಡಿಸಿದ ಉದ್ದೇಶವೂ ಬೇರೆ. ಕುದುರೆ ಆರೋಗ್ಯವಾಗಿದೆಯೆಂದು ತಿಳಿಯಲು ಸಾಕು. ವೇಗಾಂಕದ ಲೆಕ್ಕಕ್ಕೆ ಅದನ್ನು ಬೆರೆಸಬಾರದು.

ನಳಮಹಾರಾಜನ ಕಥೆಯನ್ನು ಕನಕದಾಸರ ನಳಚರಿತ್ರೆಯಿಂದಲೋ ಬಯಲಾಟದಿಂದಲೋ ನಮ್ಮಲ್ಲಿ ಎಲ್ಲರೂ ಬಲ್ಲರು. ನಳನಿಗೆ ಕುದುರೆಯ ಹೃದಯ ಗೊತ್ತು, ಎಣಿಕೆ ಗೊತ್ತಿಲ್ಲ. ಋತುಪರ್ಣನು ಮರದ ಎಲೆಗಳನ್ನು ನೋಡಿದೊಡನೆ ಎಣಿಸಬಲ್ಲ, ಕುದುರೆಯ ವಿದ್ಯೆ ಅವನಿಗೆ ಬಾರದು. ಇಬ್ಬರೂ ವಿದ್ಯೆ ಬದಲಾಯಿಸಿಕೊಂಡ ಮೇಲೆಯೇ ನಳನ ಕಷ್ಟ ತೀರಿದ್ದು. ಮೂರು ದಿನಕ್ಕೊಮ್ಮೆ ಅಂಕೆ ನೋಡುವ ನಮಗೆ ಬಂದರೆ ಋತುಪರ್ಣನ ಅರ್ಧ ವಿದ್ಯೆ ಬಂದೀತು. ಲಾಯದ ಒಳಗಿನ ವಿದ್ಯೆ ಲಾಯದವರಿಗೇ ಸೇರಿದ್ದು.

ಟೋಟಿನ ಕಿಟಕಿಯಲ್ಲಿ ನಡೆಯುವುದೇನು

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಲೆಕ್ಕವೆಲ್ಲ ಸರಿಯಾಗಿದ್ದರೂ ಹಣ ಬರುವುದೆ?

ಟೋಟ್ ಎಂಬ ಪದ್ಧತಿಯನ್ನು ಪ್ಯಾರಿಸಿನ ಜೋಸೆಫ್ ಓಲರ್ ಎಂಬಾತ ೧೮೬೭ರಲ್ಲಿ ಹೂಡಿದನು. ಅದರಲ್ಲಿ ನಾವು ಪಣ ಕಟ್ಟುವುದು ಕ್ಲಬ್ಬಿನ ವಿರುದ್ಧವಲ್ಲ, ನಮ್ಮ ಮಗ್ಗುಲಲ್ಲಿ ನಿಂತವರ ವಿರುದ್ಧ. ಎಲ್ಲರ ಹಣವನ್ನೂ ಒಂದು ರಾಶಿ ಮಾಡಿ, ಅದರಲ್ಲಿ ಒಂದು ಪಾಲನ್ನು ಖರ್ಚಿಗೂ ತೆರಿಗೆಗೂ ತೆಗೆದು, ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ನೂರು ಜನ ತಲಾ ೧೦ ರೂಪಾಯಿ ಕಟ್ಟಿದರೆ ರಾಶಿ ೧೦೦೦. ಲೆಕ್ಕ ಸುಲಭವಾಗಲೆಂದು ಐದನೆಯ ಒಂದು ಪಾಲು ಕಳೆಯುತ್ತಾರೆಂದು ಹಿಡಿಯೋಣ. ಉಳಿದದ್ದು ೮೦೦. ಮಿಂಚಿನ ಮೇಲೆ ೪೦ ಜನ ಕಟ್ಟಿದ್ದರೆ, ಅದು ಗೆದ್ದಾಗ ಒಬ್ಬೊಬ್ಬರಿಗೆ ೨೦ ರೂಪಾಯಿ. ಹತ್ತು ಹಾಕಿದವರಿಗೆ ಇಪ್ಪತ್ತು ಬಂದರೆ ನಷ್ಟವಾಗದಿರಲು ಮಿಂಚು ಎರಡು ಸಲಕ್ಕೆ ಒಂದು ಸಲ, ಅಂದರೆ ನೂರಕ್ಕೆ ೫೦ ಸಲ ಗೆಲ್ಲಬೇಕು. ಜನರ ಎಣಿಕೆಯಂತೆ ಅದು ಗೆಲ್ಲುವುದು ನೂರಕ್ಕೆ ೪೦ ಸಲ. ಆದ್ದರಿಂದ ನಿಮ್ಮ ಲೆಕ್ಕ ಬರಿಯ ಸರಿಯಾಗಿದ್ದರೆ ಸಾಲದು, ಸುತ್ತಲಿನ ನೂರು ಜನರ ಲೆಕ್ಕಕ್ಕಿಂತ ಕಾಲುಭಾಗ ಮೇಲಾಗಿರಬೇಕು. ಅಷ್ಟಾದರೆ ನಿಮಗೆ ಸಿಗುವುದು ಲಾಭವಲ್ಲ, ಹಾಕಿದ ಹಣ ಮಾತ್ರ.

ಆ ನೂರು ಜನರಲ್ಲಿ ಕುದುರೆಯ ಧಣಿಗಳಿದ್ದಾರೆ, ಗಣಕಯಂತ್ರದಲ್ಲಿ ಹತ್ತು ವರ್ಷಗಳ ಫಲಿತಾಂಶ ತುಂಬಿಕೊಂಡವರಿದ್ದಾರೆ. ಅಮೆರಿಕದಲ್ಲಿ ಬೇಯರರ ಅಂಕೆಗಳು ೧೯೯೨ರಿಂದ ಅಲ್ಲಿಯ ಡೈಲಿ ರೇಸಿಂಗ್ ಫಾರ್ಮ್ ಪತ್ರಿಕೆಯಲ್ಲಿ ಎಲ್ಲರಿಗೂ ಅಚ್ಚಾಗಿ ಸಿಗತೊಡಗಿದವು. ಎಲ್ಲರಿಗೂ ಗೊತ್ತಾದ ಗುಟ್ಟಿಗೆ ಪೇಟೆಯಲ್ಲಿ ಬೆಲೆ ಎಲ್ಲಿಂದ ಬಂದೀತು? ಹೆಚ್ಚು ಅಂಕದ ಕುದುರೆಯ ಮೇಲೆ ಎಲ್ಲರೂ ಕಟ್ಟುತ್ತಾರೆ, ಹಂಚಿಕೆಯ ಪಾಲು ಕರಗುತ್ತದೆ.

ತೆರಿಗೆಯೂ ಸಣ್ಣದಲ್ಲ. ಕುದುರೆ ಪಣದ ಮೇಲೆ ನೂರಕ್ಕೆ ೨೮ರಂತೆ ಇದ್ದ ಸರಕು ಮತ್ತು ಸೇವಾ ತೆರಿಗೆ ೨೦೨೫ರ ಸೆಪ್ಟೆಂಬರ್ ೨೨ರಿಂದ ೪೦ ಆಗಿದೆ. ಇದನ್ನು ತಪ್ಪಿಸಿಕೊಳ್ಳಲು ಬೀದಿಯ ಬುಕ್ಕಿಯ ಹತ್ತಿರ ಹೋಗುವವರುಂಟು. ಪರವಾನಗಿ ಇಲ್ಲದವನ ಹತ್ತಿರ ಪಣ ಕಟ್ಟುವುದು ಕಾನೂನಿಗೆ ವಿರುದ್ಧ. ಗೆದ್ದ ಹಣ ಕೊಡದೆ ಹೋದರೆ ಯಾರಿಗೂ ದೂರುವ ಹಾಗಿಲ್ಲ.

ಸುಪ್ರೀಂ ಕೋರ್ಟು ೧೯೯೬ರಲ್ಲಿ ಮದರಾಸಿನ ರೇಸ್ ಕ್ಲಬ್ಬಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಕುದುರೆ ಪಂದ್ಯವು ಮುಖ್ಯವಾಗಿ ಕುಶಲತೆಯ ಆಟವೆಂದು ತೀರ್ಪಿತ್ತಿತು. ಇದನ್ನು ಹಿಡಿದು “ನಮ್ಮದು ಜೂಜಲ್ಲ, ಕುಶಲತೆ” ಎಂದು ವಾದಿಸುವ ಸ್ನೇಹಿತರು ನಮ್ಮಲ್ಲಿದ್ದಾರೆ. ಮಾತು ನಿಜ. ಆದರೆ ಕುಸ್ತಿಯೂ ಕುಶಲತೆಯ ಆಟವೇ. ಹಾಗೆಂದು ಕೊಲ್ಹಾಪುರದ ಅಖಾಡಕ್ಕೆ ಎಲ್ಲರೂ ಇಳಿಯುವುದಿಲ್ಲ. ಕುಶಲತೆಯ ಆಟದಲ್ಲಿ ಕುಶಲರು ಗೆಲ್ಲುತ್ತಾರೆ, ಉಳಿದವರು ಅವರಿಗೆ ಹಣ ಕೊಡುತ್ತಾರೆ. ನಾವು ಯಾವ ಸಾಲಿನಲ್ಲಿದ್ದೇವೆಂಬುದನ್ನು ಕೋರ್ಟು ಹೇಳಲಾರದು.

ಒಂದು ಹಂಗಾಮಿನ ವಹಿ

ಅದನ್ನು ತಿಳಿಯಲು ಒಂದು ದಾರಿಯಿದೆ, ಖರ್ಚು ಒಂದು ವಹಿಯದು ಮಾತ್ರ. ಈ ಹಂಗಾಮು ಪೂರ್ತಿ ಒಂದು ಕಾಸೂ ಕಟ್ಟದೆ ಲೆಕ್ಕ ಇಡಿರಿ. ಓಟಕ್ಕೆ ಮೊದಲೇ ನಿಮ್ಮ ವೇಗಾಂಕದಂತೆ ಆರಿಸಿದ ಕುದುರೆಯ ಹೆಸರನ್ನು ಶಾಯಿಯಲ್ಲಿ ಬರೆಯಿರಿ. ಆಮೇಲೆ ತಿದ್ದಬಾರದು. ಎದುರಿಗೆ ೧೦ ರೂಪಾಯಿ ಖರ್ಚೆಂದು ಹಾಕಿರಿ, ಗೆದ್ದರೆ ಪತ್ರಿಕೆಯಲ್ಲಿ ಬಂದ ಟೋಟಿನ ಮೊತ್ತವನ್ನು ಜಮೆಗೆ ಹಾಕಿರಿ. ನೂರು ಓಟ ಆಗುವವರೆಗೆ ಕೂಡಿಸಲು ಹೋಗಬೇಡಿರಿ. ಐದಾರು ಓಟಗಳ ಗೆಲುವು ಯಾರಿಗಾದರೂ ಬಂದೀತು, ಅದು ಏನನ್ನೂ ಸಿದ್ಧಮಾಡದು. ನೂರಾದ ಮೇಲೆ ಜಮಾ ಖರ್ಚು ಎರಡನ್ನೂ ಕೂಡಿಸಿ ಬಾಕಿ ತೆಗೆಯಿರಿ. ಖರ್ಚು ಸರಿಯಾಗಿ ೧೦೦೦ ಇರುತ್ತದೆ. ಜಮೆ ಎಷ್ಟೆಂಬುದು ನಿಮ್ಮ ಕುಶಲತೆಯ ನಿಜವಾದ ರೇಟಿಂಗ್.

ಹಿಂದಿನ ವರ್ಷಗಳ ಫಲಿತಾಂಶಗಳನ್ನು ಇಬ್ಬರು ಮೂವರು ಸೇರಿ ಬರೆದುಕೊಂಡರೆ ವಾಡಿಕೆಯ ವೇಳೆಯ ಪಟ್ಟಿ ಬೇಗ ಸಿದ್ಧವಾದೀತು. ಸರಾಸರಿ, ಪ್ರಮಾಣ, ತೈರಾಶಿಕ ಇವೆಲ್ಲ ಇದರಲ್ಲಿ ಬರುತ್ತವೆ. ಇಲಾಖೆಯ ಪರೀಕ್ಷೆಗೆ ಕೂಡುವ ಹುಡುಗರಿಗೂ ಒಳ್ಳೆಯ ಅಭ್ಯಾಸ. ಬಾಕಿ ನಷ್ಟದ ಕಡೆ ನಿಂತರೆ, ನಿಂತೀತೆಂದೇ ನನ್ನ ಎಣಿಕೆ, ಆ ನಷ್ಟ ಕಾಗದದ ಮೇಲೆಯೇ ಉಳಿಯಿತೆಂದು ಸಂತೋಷಪಡಬಹುದು. ಖಾನಾವಳಿಯ ಬಾಕಿ, ಖೋಲಿಯ ಬಾಡಿಗೆ, ಊರಲ್ಲಿ ದಾರಿ ಕಾಯುವ ತಾಯಿಗೆ ಕಳಿಸುವ ಹಣ, ಇವು ಮೂರೂ ಪಗಾರದ ದಿನವೇ ಕೈ ಚಾಚಿ ನಿಲ್ಲುತ್ತವೆ. ಇವುಗಳಿಗೆ ಯಾವ ಹ್ಯಾಂಡಿಕ್ಯಾಪರನೂ ಭಾರ ಇಳಿಸುವುದಿಲ್ಲ.